ಮೈಸೂರಿನ ಜಾವಾ, ಒಂದು ಸ್ವಿಚ್ಚಿನ ಕಥೆ

ಹೋದ ಮಳೆಗಾಲ ಪುಣೆಯ ಕಾತ್ರಜ್ ಘಾಟ್‌ನಲ್ಲಿ ಅಪ್ಪನ ಜಾವಾ ನಿಂತುಹೋಯ್ತು. ಪ್ಲಗ್ಗು, ಪೆಟ್ರೋಲು ಎರಡೂ ಸರಿ ಇತ್ತು. ಕೈಕೊಟ್ಟಿದ್ದು ಸ್ವಿಚ್ಚು.

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಬೈಕ್ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಂಪನಿ ಪಾರ್ಟ್ಸ್ ಬರೋದೂ ಅಲ್ಲಿಗೇ ನಿಂತಿತು. 2018ರ ಹೊಸ ಜಾವಾದ ಸ್ವಿಚ್ಚು ಇದಕ್ಕೆ ಕೂರಲ್ಲ.

ಹಳೇ ಜಾವಾ 6 ವೋಲ್ಟಿನ ಗಾಡಿ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲ್‌ಗೆ ಹೋಗೋ ಕರೆಂಟು ಹೆಡ್‌ಲೈಟಿನ ಸ್ವಿಚ್ ದಾಟಿಯೇ ಹೋಗಬೇಕು. ಅಲ್ಲಿ ಹಿತ್ತಾಳೆ ಕಿಲುಬು ಹಿಡಿದು ಅರ್ಧ ವೋಲ್ಟ್ ಕಳೆದರೆ, 12 ವೋಲ್ಟಿನ ಗಾಡಿ ಹೇಗೋ ತಡೆದುಕೊಳ್ಳುತ್ತೆ. ಇದಕ್ಕೆ ಹನ್ನೆರಡರಲ್ಲಿ ಒಂದು ಪಾಲೇ ಹೋದ ಹಾಗೆ. ಹೆಡ್‌ಲೈಟ್ ಮಂಕು, ಕಿಡಿ ಮಂಕು.

ಡುಪ್ಲಿಕೇಟ್ ಎರಡು ತಂದು ಹಾಕಿದೆ. ಸ್ಪ್ರಿಂಗ್ ಮೆದು, ಗುಂಡಿ ರಸ್ತೇಲಿ ಕಾಂಟ್ಯಾಕ್ಟ್ ಬಿಡುತ್ತೆ. ದುಡ್ಡು ದಂಡ. ಕೊನೆಗೆ ಬ್ಯಾಟರಿ ವೈರ್ ಕಳಚಿ, ಪ್ರತಿ ವೈರಿನ ಜಾಗದ ಫೋಟೋ ತೆಗೆದು (ಇದನ್ನ ಮರೀಬೇಡಿ), ಹಳೇದನ್ನೇ ಬಿಚ್ಚಿದೆ. ನುಣ್ಣನೆ ಎಮರಿಯಲ್ಲಿ ಕಾಂಟ್ಯಾಕ್ಟ್ ಉಜ್ಜಿ, ಸ್ಪ್ರಿಂಗ್ ಸ್ವಲ್ಪ ಎಳೆದು, ಸವೆದ ಪಟ್ಟಿಯ ಬದಲು ಹಿತ್ತಾಳೆ ತಗಡು ಕತ್ತರಿಸಿ ಕೂರಿಸಿದೆ. ಎರಡು ಭಾನುವಾರ ಹಿಡೀತು.

ಒಳಗೊಂದು ಒರಟು ಬೆಸುಗೆ ಕಾಣಿಸ್ತು. ಅಪ್ಪನಿಗೆ ಫೋಟೋ ಕಳಿಸಿದೆ.

“ಅದು ನಂದೇ ಕಣೋ, 82ರಲ್ಲಿ ಹಾಕಿದ್ದು,” ಅಂದ್ರು.

ಆಗಿನ್ನೂ ಫ್ಯಾಕ್ಟರಿ ನಡೀತಿತ್ತು.