ಸವಾರನಿಗೆ ಕಾಣದ ದೀಪ

ಮೋಟಾರ್‌ಸೈಕಲ್ಲಿನ ಚರಿತ್ರೆಯನ್ನು ಎಂಜಿನ್ನಿನಿಂದ ಶುರುಮಾಡುವುದು ವಾಡಿಕೆ. ಹಿಂತುದಿಯ ಸಾಮಾನು ಪೆಟ್ಟಿಗೆ ಮತ್ತು ಕೆಂಪು ದೀಪದಿಂದ ಶುರುಮಾಡಿದರೆ ಬೇರೆಯೇ ಕಥೆ ಸಿಗುತ್ತದೆ. ಹೋಂಡಾ ಕಂಪನಿಯ ಗೋಲ್ಡ್ ವಿಂಗ್ ಅದಕ್ಕೆ ಒಳ್ಳೆಯ ಉದಾಹರಣೆ.

1975ರ ಮಾದರಿಯಾಗಿ ಬಂದ ಜಿಎಲ್1000ಕ್ಕೆ 999 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಆದರೆ ಗಾಳಿ ತಡೆಯುವ ಫೇರಿಂಗ್ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಅಮೆರಿಕದ ಉದ್ದನೆಯ ಹೆದ್ದಾರಿಗಳಿಗೆ ಹೊರಟ ಸವಾರರು ಆ ಕೊರತೆಯನ್ನು ತಾವೇ ತುಂಬಿಕೊಂಡರು. ಇಲಿನಾಯ್‌ನ ರಾಂಟೂಲ್‌ನಲ್ಲಿದ್ದ ಕ್ರೇಗ್ ವೆಟರ್ ಅವರ ಕಂಪನಿಯಂಥವು ಇಂಥ ಫೇರಿಂಗ್‌ಗಳನ್ನು ಮಾರಿದವು. ಹಿಂದೆ ಟ್ರಂಕ್ ಕೂರಿಸಿ ಅದಕ್ಕೂ ದೀಪ ಬೇಕೆಂದರೆ, ಬೈಕಿನ ಮೂಲ ವೈರನ್ನು ಸುಲಿದು ಇನ್ನೊಂದನ್ನು ಹೊಸೆದು ಟೇಪು ಸುತ್ತಬೇಕಿತ್ತು. ಮಳೆ ಮತ್ತು ಅದುರಾಟಕ್ಕೆ ಮೊದಲು ಸೋಲುತ್ತಿದ್ದದ್ದು ಇಂಥ ಗಂಟುಗಳೇ.

1980ರಲ್ಲಿ ಜಿಎಲ್1100 ಇಂಟರ್‌ಸ್ಟೇಟ್ ಮಾದರಿ ಫೇರಿಂಗ್, ಪಕ್ಕದ ಚೀಲಪೆಟ್ಟಿಗೆ, ಟ್ರಂಕ್ ಸಮೇತ ಕಾರ್ಖಾನೆಯಿಂದಲೇ ಬಂತು. ಅದೇ ವರ್ಷ ಒಹಾಯೊದ ಮೇರಿಸ್‌ವಿಲ್‌ನಲ್ಲಿ ಗೋಲ್ಡ್ ವಿಂಗ್ ತಯಾರಿ ಆರಂಭವಾಯಿತು. ಸವಾರನ ಕೈಕೆಲಸ ಕಂಪನಿಯ ವಿನ್ಯಾಸವಾಯಿತು. ಆದರೆ ದೋಷ ಮಾಯವಾಗಲಿಲ್ಲ, ಜಾಗ ಬದಲಿಸಿತು. ಟ್ರಂಕನ್ನು ಬಿಚ್ಚಿ ತೆಗೆಯಬೇಕಾದರೆ ವೈರಿನ ನಡುವೆ ಕನೆಕ್ಟರ್ ಬೇಕು; ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮುಚ್ಚಳದ ಮೇಲೆ ದೀಪವಿದ್ದರೆ, ತೆರೆದು ಮುಚ್ಚಿದಾಗಲೆಲ್ಲ ಕೀಲಿನ ಬಳಿ ವೈರು ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ.

ಹಳೆಯ ಹಿಂಬದಿ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ: ಮಂದವಾದದ್ದು ಸದಾ ಉರಿಯಲು, ಪ್ರಖರವಾದದ್ದು ಬ್ರೇಕಿಗೆ. ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ತಪ್ಪಿದರೆ ಕರೆಂಟು ಇನ್ನೊಂದು ತಂತಿಯ ಮೂಲಕ ಅಡ್ಡದಾರಿ ಹುಡುಕುತ್ತದೆ. ಆಗ ಬ್ರೇಕ್ ಒತ್ತಿದರೆ ದೀಪ ಬೆಳಗುವ ಬದಲು ಇನ್ನಷ್ಟು ಮಂಕಾಗಬಹುದು, ಆರಿಯೂ ಹೋಗಬಹುದು. ಹಾಗಾಗಿ ಬಲ್ಬು ಬದಲಿಸುವ ಮೊದಲು ಅರ್ಥ್ ಬೋಲ್ಟಿನ ತುಕ್ಕು ಉಜ್ಜಿ, ಕನೆಕ್ಟರ್ ಶುಚಿಮಾಡಿ, ಅದಕ್ಕೆಂದೇ ಸಿಗುವ ಗ್ರೀಸ್ ಸವರಬೇಕು. ಕೀಲಿನ ಬಳಿ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಕಟ್ಟಬೇಕು. ಒಳಗೆ ನೀರಿಳಿದಿದ್ದರೆ ಮುಚ್ಚಳದ ರಬ್ಬರ್ ಪಟ್ಟಿ ನೋಡಬೇಕು. ಬೀಗ ಸರಿಯಾಗಿ ಕೂರದಿದ್ದರೆ ತುರುಕಿದ ಸಾಮಾನು ಇಳಿಸಿ, ಕೊಂಡಿಯ ಜಾಗ ಸರಿಪಡಿಸಬೇಕು.

2018ರ ಗೋಲ್ಡ್ ವಿಂಗ್‌ನಲ್ಲಿ ದೀಪಗಳು ಎಲ್‌ಇಡಿಗೆ ಬದಲಾದವು. ಸುಟ್ಟುಹೋಗುವ ತಂತಿಯ ಕಾಲ ಮುಗಿಯಿತು. ಅರ್ಥ್ ಮತ್ತು ಕನೆಕ್ಟರ್ ಉಳಿದವು.

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಟ್ರಂಕ್ ಇರುವುದು ಸವಾರನ ಸುಖಕ್ಕೆ, ಕೆಂಪು ದೀಪ ಇರುವುದು ಹಿಂದೆ ಬರುವ ಅಪರಿಚಿತನಿಗೆ. ಅದು ಕೆಟ್ಟದ್ದು ಸವಾರನಿಗೆ ತಿಳಿಯುವುದೇ ಕೊನೆಗೆ. ಆದ್ದರಿಂದ ಹೊರಡುವ ಮುನ್ನ ಬೈಕಿನ ಹಿಂಬದಿಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಕೈ ಬ್ರೇಕನ್ನೂ ಕಾಲು ಬ್ರೇಕನ್ನೂ ಬೇರೆಬೇರೆಯಾಗಿ ಒತ್ತಿ, ಎರಡು ಸಲವೂ ಗೋಡೆ ಕೆಂಪಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.