ಸಂದು ಮುಚ್ಚಿದ ಲೇಪದ ಕಥೆ

ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್ ನಿಮ್ಮ ಫ್ಲಾಟಿನಲ್ಲೂ ಇರಬಹುದು. ಹಲಗೆಗಳ ನಡುವಿನ ಸಂದು ಕಾಣುವುದೇ ಇಲ್ಲ, ಅಲ್ಲವೇ? ಅದನ್ನು ಮುಚ್ಚಿರುವುದು ಟೇಪ್ ಮತ್ತು ಜಾಯಿಂಟ್ ಕಾಂಪೌಂಡ್ ಎಂಬ ಲೇಪ. ಈ ಲೇಪಕ್ಕೆ ಒಂದು ಕಹಿ ಇತಿಹಾಸವಿದೆ.

1894ರಲ್ಲಿ ಅಮೆರಿಕದ ಅಗಸ್ಟೀನ್ ಸ್ಯಾಕೆಟ್ ಇಂಥ ಹಲಗೆಗೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಮನೆಗಳು ಭರದಿಂದ ಎದ್ದವು. ಹಸಿ ಗಾರೆ ಒಣಗುವವರೆಗೆ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ, ಹಲಗೆಯೇ ಗೆದ್ದಿತು. ಲೇಪ ಬಿರಿಯದಿರಲೆಂದು ಅದಕ್ಕೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸುತ್ತಿದ್ದರು. ಒಣಗಿದ ಲೇಪವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದಾಗ ಆ ಧೂಳು ಕೆಲಸಗಾರರ ಶ್ವಾಸಕೋಶ ಸೇರುತ್ತಿತ್ತು. ರೋಗ ತಲೆದೋರುವುದು ದಶಕಗಳ ನಂತರ. 1975ರಲ್ಲಿ ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು ಈ ಅಪಾಯದ ಬಗ್ಗೆ ಅಧ್ಯಯನ ಪ್ರಕಟಿಸಿದರು. 1977ರಲ್ಲಿ ಅಲ್ಲಿನ ಸರ್ಕಾರ ಕಲ್ನಾರಿನ ಲೇಪವನ್ನು ನಿಷೇಧಿಸಿತು.

ಇಂದು ಕೊಳ್ಳುವಾಗ ನೆನಪಿಡಿ: ಕಾಗದದ ಟೇಪಿಗೆ ಡಬ್ಬಿಯಲ್ಲಿ ಬರುವ ಸಿದ್ಧ ಲೇಪ ಸಾಕು. ಜಾಲರಿ ಟೇಪಾದರೆ ಮೊದಲ ಕೋಟ್‌ಗೆ ನೀರಿನಲ್ಲಿ ಕಲಸಿದರೆ ಗಟ್ಟಿಯಾಗುವ ಪುಡಿಯೇ ಒಳ್ಳೆಯದು. ಕಲ್ನಾರಿಲ್ಲದಿದ್ದರೂ ಧೂಳು ಧೂಳೇ. ಉಜ್ಜುವ ಹುಡುಗನಿಗೆ ಒಂದು ಒಳ್ಳೆಯ ಮಾಸ್ಕ್ ಕೊಡಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.