ಶಾಲಾಪೂರ್ವ ಮಗುವಿನ ವೀಕ್ಷಣೆ: ಚರಿತ್ರೆ

ಶಾಲೆ ಸೇರುವ ಮೊದಲಿನ ವಯಸ್ಸಿನ, ಮುಖ್ಯವಾಗಿ ಮೂರರಿಂದ ಆರು ವರ್ಷದ, ಮಗುವಿನ ಮೈ, ಬುದ್ಧಿ, ಮಾತು, ಒಡನಾಟ ಮತ್ತು ಭಾವನೆಗಳು ಬೆಳೆಯುವ ಬಗೆಯನ್ನು ಕ್ರಮವಾಗಿ ಗಮನಿಸಿ ಬರೆದಿಡುವ ಪದ್ಧತಿ. ಮಗುವನ್ನು ಪರೀಕ್ಷೆಗೆ ಕೂರಿಸದೆ ಅದು ಆಡುವಾಗ, ಉಣ್ಣುವಾಗ, ಜಗಳವಾಡುವಾಗ, ಮೂಲೆಯಲ್ಲಿ ಸುಮ್ಮನೆ ಕೂತಿರುವಾಗ ನೋಡುವುದು ಇದರ ತಿರುಳು. ಈ ಪದ್ಧತಿಯ ಚರಿತ್ರೆಯಲ್ಲಿ ಎರಡು ಹಾದಿಗಳಿವೆ. ಒಂದು, ಒಂದೆರಡು ಮಕ್ಕಳನ್ನು ಹತ್ತಿರದಿಂದ ಬಹುಕಾಲ ನೋಡುವುದು. ಇನ್ನೊಂದು, ನೂರಾರು ಮಕ್ಕಳನ್ನು ನೋಡಿ ಯಾವ ವಯಸ್ಸಿಗೆ ಏನು ಎಂಬ ಅಳತೆಗೋಲು ಕಟ್ಟುವುದು. ಮಗುವಿನ ಮನಸ್ಸಿನ ಬಗೆಗಿನ ಒಳನೋಟಗಳು ಬಹುಪಾಲು ಮೊದಲ ಹಾದಿಯಿಂದ ಬಂದವು. ನೆರವು ಬೇಕಾದ ಮಗುವನ್ನು ಬೇಗ ಗುರುತಿಸುವ ಶಕ್ತಿ ಎರಡನೆಯದರಿಂದ ಬಂತು.

ಶಾಸ್ತ್ರ ಹುಟ್ಟುವ ಮೊದಲೂ ಮನೆಯವರು ಗಮನಿಸುತ್ತಲೇ ಇದ್ದರು. ಕತ್ತು ನಿಂತಿತೇ, ಬೋರಲು ಬಿತ್ತೇ, ಅಂಬೆಗಾಲಿಟ್ಟಿತೇ ಎಂದು ಅಜ್ಜಿಯರು ಲೆಕ್ಕವಿಡುತ್ತಿದ್ದರು. ಮಗು ಬೋರಲು ಬಿದ್ದಾಗ, ಹೊಸಿಲು ದಾಟಿದಾಗ ಸಿಹಿ ಮಾಡುವ ರೂಢಿ ಕನ್ನಡ ನಾಡಿನ ಹಲವು ಮನೆಗಳಲ್ಲಿ ಈಗಲೂ ಇದೆ. ಆದರೆ ಮಗು ನಡೆದು ಮಾತಾಡತೊಡಗಿದ ಮೇಲೆ ಈ ಲೆಕ್ಕ ನಿಂತುಬಿಡುತ್ತಿತ್ತು. ಆಮೇಲಿನ ಮೂರು ನಾಲ್ಕು ವರ್ಷಗಳಲ್ಲಿ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಗುರುತುಗಳಿರಲಿಲ್ಲ.

ಬರೆದಿಟ್ಟ ವೀಕ್ಷಣೆ ಯುರೋಪಿನ ತಂದೆಯರ ದಿನಚರಿಗಳಿಂದ ಮೊದಲಾಗುತ್ತದೆ. ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲೋಟ್ಸಿ 1774ರಲ್ಲಿ ಮಗ ಜೇಕಬನ ಬಗ್ಗೆ ಟಿಪ್ಪಣಿ ಬರೆದರು. ಜರ್ಮನಿಯ ತತ್ತ್ವಶಾಸ್ತ್ರಜ್ಞ ಡೀಟ್ರಿಚ್ ಟೀಡಮನ್ ತಮ್ಮ ಮಗನ ಮೊದಲ ವರ್ಷಗಳ ವೀಕ್ಷಣೆಯನ್ನು 1787ರಲ್ಲಿ ಪ್ರಕಟಿಸಿದರು. ಚಾರ್ಲ್ಸ್ ಡಾರ್ವಿನ್ ತಮ್ಮ ಹಿರಿಯ ಮಗ ವಿಲಿಯಂ 1839ರ ಡಿಸೆಂಬರಿನಲ್ಲಿ ಹುಟ್ಟಿದಾಗಿನಿಂದ ಬರೆದಿಟ್ಟದ್ದನ್ನು 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಫ್ರೆಂಚ್ ವಿದ್ವಾಂಸ ಟೇನ್ ಮಗುವಿನ ಮಾತಿನ ಬಗ್ಗೆ ಬರೆದ ಲೇಖನ ಅದೇ ಪತ್ರಿಕೆಯಲ್ಲಿ ಬಂದಿದ್ದೇ ಅದಕ್ಕೆ ಪ್ರೇರಣೆ. ಡಾರ್ವಿನ್ನರ ಲೇಖನ ಪುಟ್ಟದು, ಆದರೆ ಇಂದಿಗೂ ಕಲಿಯುವವರು ಓದಬೇಕಾದದ್ದು. ಎರಡು ವರ್ಷ ಏಳೂವರೆ ತಿಂಗಳಿನ ವಿಲಿಯಂ ಊಟದ ಕೋಣೆಯಿಂದ ಹೊರಬರುತ್ತಾನೆ. ಕಣ್ಣುಗಳಲ್ಲಿ ಎಂದಿಲ್ಲದ ಹೊಳಪು, ನಡೆಯಲ್ಲಿ ಏನೋ ಕೃತಕತೆ. ತಂದೆ ಹೋಗಿ ನೋಡಿದರೆ, ಮುಟ್ಟಬೇಡ ಎಂದಿದ್ದ ಸಕ್ಕರೆಪುಡಿಯನ್ನು ತಿಂದಿದ್ದಾನೆ. ಎರಡು ವಾರಗಳ ಬಳಿಕ ಉಪ್ಪಿನಕಾಯಿ ರಸದ ಕಲೆ ಬಿದ್ದ ಮೇಲಂಗಿಯನ್ನು ಸುರುಳಿ ಸುತ್ತಿ ಮುಚ್ಚಿಟ್ಟುಕೊಳ್ಳುತ್ತಾನೆ. ಇವನ್ನು ಡಾರ್ವಿನ್ ಮಗನ ತಪ್ಪುಗಳಾಗಿ ಪಟ್ಟಿ ಮಾಡಲಿಲ್ಲ. ಇನ್ನೊಬ್ಬರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬ ಅರಿವು ಮೊಳೆಯುವ ಕುರುಹಾಗಿ ಓದಿಕೊಳ್ಳಲು ಬೇಕಾದ ವಿವರಗಳೆಲ್ಲ ಅಲ್ಲಿವೆ. ಒಂದು ಶತಮಾನದ ಬಳಿಕ, 1983ರಲ್ಲಿ, ಮನೋವಿಜ್ಞಾನಿಗಳಾದ ವಿಮ್ಮರ್ ಮತ್ತು ಪೆರ್ನರ್ ಗೊಂಬೆಯಾಟದ ಕಥೆಯೊಂದನ್ನು ಬಳಸಿ, ಇನ್ನೊಬ್ಬರ ತಲೆಯಲ್ಲಿ ತಪ್ಪು ತಿಳಿವಳಿಕೆ ಇರಬಹುದೆಂದು ಮಕ್ಕಳು ಸುಮಾರು ನಾಲ್ಕರಿಂದ ಆರರ ನಡುವೆ ಅರಿಯುತ್ತಾರೆ ಎಂದು ತೋರಿಸಿದರು. ಆ ಅರಿವಿನ ಹೊಸಿಲಿನಲ್ಲಿರುವ ಮಗುವನ್ನು ಡಾರ್ವಿನ್ ಮನೆಯಲ್ಲೇ ಕಂಡಿದ್ದರು.

ಶರೀರಶಾಸ್ತ್ರಜ್ಞ ವಿಲ್ಹೆಲ್ಮ್ ಪ್ರೇಯರ್ 1882ರ ಗ್ರಂಥದಲ್ಲಿ ದಿನಚರಿಗೆ ಶಿಸ್ತು ತಂದರು. ದಿನಕ್ಕೆ ಕನಿಷ್ಠ ಮೂರು ಬಾರಿ ನೋಡಬೇಕು, ಕಂಡದ್ದನ್ನು ಕೂಡಲೇ ಬರೆಯಬೇಕು ಎಂಬುದು ಅವರ ಕ್ರಮ. ಅಮೆರಿಕದ ಮಿಲಿಸೆಂಟ್ ಶಿನ್ ಅಣ್ಣನ ಮಗಳು ರೂತ್‌ಳನ್ನು ಗಮನಿಸಿ ಬರೆದರು. ಜರ್ಮನಿಯ ಕ್ಲಾರಾ ಮತ್ತು ವಿಲಿಯಂ ಸ್ಟರ್ನ್ ದಂಪತಿಗಳು 1900ರಿಂದ ತಮ್ಮ ಮೂವರು ಮಕ್ಕಳ ಬಗ್ಗೆ ವರ್ಷಗಟ್ಟಲೆ ದಿನಚರಿ ಇಟ್ಟರು. 1907ರಲ್ಲಿ ಬಂದ ಅವರ ಮಕ್ಕಳ ಭಾಷೆಯ ಪುಸ್ತಕಕ್ಕೆ ಅದೇ ಆಧಾರ. ಈ ಎಲ್ಲ ದಿನಚರಿಗಳದೂ ಒಂದೇ ಮಿತಿ: ನೋಡಿದವರು ಓದುಬರಹ ಬಲ್ಲ ಅನುಕೂಲಸ್ಥರು, ನೋಡಲ್ಪಟ್ಟವರು ಅವರದೇ ಮನೆತನದ ಮಕ್ಕಳು.

ಮನೆಯಾಚೆಗಿನ ಮಕ್ಕಳನ್ನು ನೋಡುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ಬಲ ಪಡೆಯಿತು. 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ ಮಕ್ಕಳ ಮನೆಯನ್ನು ತೆರೆದರು. ಶಿಕ್ಷಕಿಯ ಮೊದಲ ಕೆಲಸ ಕಲಿಸುವುದಲ್ಲ, ನೋಡುವುದು ಎಂದು ವೈದ್ಯೆಯಾಗಿದ್ದ ಅವರು ಹೇಳಿದ್ದು ಆ ಕಾಲಕ್ಕೆ ದೊಡ್ಡ ತಿರುವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ 1911ರಲ್ಲಿ ಆರಂಭಿಸಿದ ಚಿಕಿತ್ಸಾಲಯ ಬೇರೆ ದಾರಿ ಹಿಡಿಯಿತು. ಒಳಗಿನ ಮಗುವಿಗೆ ಹೊರಗಿನವರು ಕಾಣದ ಗುಮ್ಮಟ, ಅದರೊಳಗೆ ಓಡುವ ಸಿನಿಮಾ ಕ್ಯಾಮೆರಾ. ಹೀಗೆ ಸಿಕ್ಕ ಚಿತ್ರಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿ ಗೆಸೆಲ್ ವಯಸ್ಸಿನ ಕೋಷ್ಟಕಗಳನ್ನು ಕಟ್ಟಿದರು. ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಗುರುತು, ಐದಕ್ಕೆ ಚೌಕ ನಕಲು ಮಾಡುತ್ತದೆ ಎಂಬಂಥ ಮಾತುಗಳು ನಮ್ಮ ತರಬೇತಿ ಕೈಪಿಡಿಗಳವರೆಗೂ ಬಂದಿರುವುದು ಈ ಪರಂಪರೆಯಿಂದ. ಚಲನೆ, ಹೊಂದಾಣಿಕೆ, ಭಾಷೆ, ವೈಯಕ್ತಿಕ-ಸಾಮಾಜಿಕ ನಡೆ ಎಂದು ಬೆಳವಣಿಗೆಯನ್ನು ನಾಲ್ಕು ಭಾಗ ಮಾಡಿ ನೋಡುವ ರೂಢಿಗೂ ಅವರೇ ಮೂಲ. ಆದರೆ ಗೆಸೆಲ್ ನೋಡಿದ್ದು ಬಹುಮಟ್ಟಿಗೆ ನ್ಯೂ ಹೇವನ್ ಊರಿನ ಮಧ್ಯಮ ವರ್ಗದ ಬಿಳಿಯರ ಮಕ್ಕಳನ್ನು. ಅವರ ಕೋಷ್ಟಕಗಳನ್ನು ಲೋಕದ ಎಲ್ಲ ಮಕ್ಕಳ ಮೇಲೂ ಹೊರಿಸಿದ್ದು ಈ ಚರಿತ್ರೆಯ ದೊಡ್ಡ ತಪ್ಪು.

ಮಿನ್ನೆಸೋಟ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಮಿಲ್ಡ್ರೆಡ್ ಪಾರ್ಟನ್ ಒಂದೊಂದು ಮಗುವನ್ನು ಒಂದೊಂದು ನಿಮಿಷ ನೋಡಿ, ಮತ್ತೆ ಮತ್ತೆ ಸರದಿಯಲ್ಲಿ ಬರೆದುಕೊಂಡರು. 1932ರಲ್ಲಿ ಪ್ರಕಟವಾದ ಅವರ ಅಧ್ಯಯನ ಮಕ್ಕಳ ಒಡನಾಟವನ್ನು ಆರು ಬಗೆಯಾಗಿ ವಿಂಗಡಿಸಿತು. ಆಟದಲ್ಲಿ ಸೇರದೆ ಇರುವುದು, ನಿಂತು ನೋಡುವುದು, ಒಬ್ಬರೇ ಆಡುವುದು, ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಆಡುವುದು, ಬೆರೆತು ಆಡುವುದು, ಒಂದು ಗುರಿಗಾಗಿ ಕೂಡಿ ಆಡುವುದು. ಬಿ.ಎಡ್. ಪಠ್ಯಗಳು ಇವನ್ನು ಏರುವ ಮೆಟ್ಟಿಲುಗಳಂತೆ ಕಲಿಸುತ್ತವೆ. ಆದರೆ ಐದು ವರ್ಷದ ಮಗು ಒಂದೇ ಬೆಳಗ್ಗೆ ಇವುಗಳ ನಡುವೆ ಹೋಗಿಬರುತ್ತದೆ, ಒಬ್ಬರೇ ಕೂತು ಆಡುವುದು ಹಿಂದುಳಿದ ಲಕ್ಷಣವಲ್ಲ ಎಂದು ಮುಂದಿನ ವೀಕ್ಷಕರು ಕಂಡುಕೊಂಡರು.

ಈ ಚರಿತ್ರೆಯ ಅತ್ಯಂತ ಶ್ರೀಮಂತ ದಾಖಲೆಗಳು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಮಾಲ್ಟಿಂಗ್ ಹೌಸ್ ಶಾಲೆಯವು. ಜೆಫ್ರಿ ಪೈಕ್ 1924ರಲ್ಲಿ ಸ್ಥಾಪಿಸಿದ ಈ ಪುಟ್ಟ ಶಾಲೆಯನ್ನು ಮೊದಲ ಮೂರು ವರ್ಷ ಸೂಸನ್ ಐಸಾಕ್ಸ್ ನಡೆಸಿದರು. ಮಕ್ಕಳು ಆಡಿದ ಮಾತನ್ನು ಆಡಿದಂತೆಯೇ ಬರೆದಿಡಲಾಗುತ್ತಿತ್ತು. 1925ರ ಒಂದು ದಿನ ಶಾಲೆಯ ಮೊಲ ಸತ್ತಿತು. ಹೊಟ್ಟೆ ಮೇಲೆ ಕೆಳಗೆ ಆಡುತ್ತಿಲ್ಲವೆಂದು ಒಬ್ಬ ಹುಡುಗ ಸಾವನ್ನು ಗುರುತಿಸಿದ. ನೀರಿಗೆ ಹಾಕಿದರೆ ಮತ್ತೆ ಬದುಕುತ್ತದೆ ಎಂದು ಇನ್ನೊಬ್ಬ ಹೇಳಿದ. ಐಸಾಕ್ಸ್ ತಡೆಯಲಿಲ್ಲ, ಹಾಕಿ ನೋಡೋಣ ಎಂದರು. ನೀರಿನ ಸುಳಿಗೆ ಮೊಲ ತಿರುಗಿದಾಗ, ಅಲುಗುತ್ತಿದೆ ಎಂದಮೇಲೆ ಜೀವವಿದೆ ಎಂದರು ಮಕ್ಕಳು. ಆಗ ಐಸಾಕ್ಸ್ ನೀರಿಗೆ ಒಂದು ಕಡ್ಡಿ ಹಾಕಿದರು. ಕಡ್ಡಿಯೂ ತಿರುಗಿತು. ಕಡ್ಡಿಗೆ ಜೀವವಿಲ್ಲವೆಂದು ಮಕ್ಕಳು ಒಪ್ಪಿ ಮೊಲವನ್ನು ಹೂಳುವ ಮಾತಾಡಿದರು. ನಾಲ್ಕೈದು ವರ್ಷದವರು ಊಹಿಸುತ್ತಾರೆ, ಪರೀಕ್ಷಿಸುತ್ತಾರೆ, ಊಹೆಯನ್ನು ಕೈಬಿಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. ಈ ದಾಖಲೆಗಳು 1930 ಮತ್ತು 1933ರ ಅವರ ಎರಡು ಪುಸ್ತಕಗಳಲ್ಲಿವೆ. ಎರಡನೆಯದರಲ್ಲಿ ಮಕ್ಕಳ ಹೊಟ್ಟೆಕಿಚ್ಚು, ಹಗೆ, ಭಯಗಳನ್ನು ಮುಚ್ಚುಮರೆಯಿಲ್ಲದೆ ಬರೆದದ್ದು ಐಸಾಕ್ಸ್ ಅವರ ಧೈರ್ಯ.

ಅದೇ ಕಾಲದಲ್ಲಿ ಜಿನೀವಾದಲ್ಲಿ ಜೀನ್ ಪಿಯಾಜೆ ಶಿಶುಶಾಲೆಯ ಇಬ್ಬರು ಹುಡುಗರು ಆಡಿದ್ದನ್ನೆಲ್ಲ ಸುಮಾರು ಒಂದು ತಿಂಗಳು ಬರೆಸಿಕೊಂಡಿದ್ದರು. ಅವರ ಮಾತಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ಯಾರನ್ನೂ ಉದ್ದೇಶಿಸದ, ತಮಗೆ ತಾವೇ ಆಡಿಕೊಂಡ ಮಾತು. ಇನ್ನೊಬ್ಬರ ದೃಷ್ಟಿಯಿಂದ ನೋಡಲಾರದ ವಯಸ್ಸಿನ ಲಕ್ಷಣ ಇದು ಎಂದು 1923ರಲ್ಲಿ ಪಿಯಾಜೆ ಬರೆದರು. ರಷ್ಯಾದ ಲೆವ್ ವೈಗಾಟ್‌ಸ್ಕಿ ಒಪ್ಪಲಿಲ್ಲ. ಚಿತ್ರ ಬರೆಯುವ ಮಗುವಿಗೆ ಬೇಕಾದ ಪೆನ್ಸಿಲ್ ಸಿಗದಂತೆ ಮಾಡಿದಾಗ ಇಂಥ ಮಾತು ಸುಮಾರು ಇಮ್ಮಡಿಯಾಗುತ್ತದೆ, ಆದ್ದರಿಂದ ಅದು ಮಗು ಯೋಚಿಸುವ ಸಾಧನ ಎಂದು ತೋರಿಸಿದರು. ಒಂದೇ ನಡೆಯನ್ನು ಇಬ್ಬರೂ ಕಂಡರು, ಎರಡು ಅರ್ಥ ಹೇಳಿದರು. ಕಂಡದ್ದನ್ನು ಒಂದು ಕಡೆ, ಅದರ ಅರ್ಥವನ್ನು ಇನ್ನೊಂದು ಕಡೆ ಬರೆಯಬೇಕೆಂಬ ನಿಯಮ ಏಕೆ ಬೇಕೆಂಬುದು ಇಲ್ಲಿ ತಿಳಿಯುತ್ತದೆ. ‘ಹಟಮಾರಿ’ ಎಂದು ಬರೆದ ಪುಟ ಮುಂದಿನವರಿಗೆ ಏನನ್ನೂ ತಿಳಿಸದು. ‘ಗೆಳೆಯ ಬಣ್ಣದ ಡಬ್ಬಿ ಕಿತ್ತುಕೊಂಡಾಗ ನೆಲಕ್ಕೆ ಕೂತು ಅತ್ತಳು, ಮಾತಾಡಲಿಲ್ಲ’ ಎಂದು ಬರೆದರೆ ಇನ್ನೊಬ್ಬರು ಬೇರೆ ಕಾರಣ ಹುಡುಕಬಹುದು. ಶಿಕ್ಷಕಿಯರಿಗೆ ಈ ಬರವಣಿಗೆಯನ್ನು ಕಲಿಸುವ ಡೊರೊಥಿ ಕೋಹೆನ್ ಮತ್ತು ವರ್ಜಿನಿಯಾ ಸ್ಟರ್ನ್ ಅವರ ಕೈಪಿಡಿ 1958ರಲ್ಲಿ ಬಂತು.

ವೀಕ್ಷಣೆ ಆಸ್ಪತ್ರೆಗಳ ನಿಯಮವನ್ನೇ ಬದಲಿಸಿದ ಉದಾಹರಣೆಯೂ ಇದೆ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದರು. ದುಃಖದ ಗಳಿಗೆಗಳನ್ನಷ್ಟೇ ಆರಿಸಿಕೊಂಡರು ಎಂಬ ಆಕ್ಷೇಪ ಬಾರದಿರಲೆಂದು ದಿನವೂ ಗೊತ್ತಾದ ಸಮಯಕ್ಕೇ ಚಿತ್ರೀಕರಿಸಿ, ಗೋಡೆ ಗಡಿಯಾರ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡರು. ತಾಯಿಯನ್ನು ಬಿಟ್ಟಿರುವ ಮಗು ಅಳದಿದ್ದರೂ ಬಾಡುತ್ತದೆ ಎಂಬುದನ್ನು ವೈದ್ಯರು ಮೊದಲು ನಂಬಲಿಲ್ಲ. ಬ್ರಿಟನ್ನಿನ ಪ್ಲಾಟ್ ಸಮಿತಿ 1959ರಲ್ಲಿ ತಂದೆತಾಯಿಗಳ ಭೇಟಿಗೆ ನಿರ್ಬಂಧ ಬೇಡ ಎಂದು ಶಿಫಾರಸು ಮಾಡಿತು.

ಅಳತೆಯ ಹಾದಿ 1967ರ ಅಮೆರಿಕದ ಡೆನ್ವರ್ ಪರೀಕ್ಷೆಯೊಂದಿಗೆ ವೈದ್ಯರ ಕೊಠಡಿ ಸೇರಿತು. ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳಲ್ಲಿ ತಡವಾದ ಬೆಳವಣಿಗೆಯ ಶಂಕೆಯನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸುವುದು ಅದರ ಉದ್ದೇಶ. ಒಂದೇ ದೇಶದ ಅಳತೆ ಎಲ್ಲರಿಗೂ ಸಲ್ಲದು ಎಂಬ ಆಕ್ಷೇಪಕ್ಕೆ ಉತ್ತರ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂತು. 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಸುಮಾರು 8,500 ಮಕ್ಕಳನ್ನು ನೋಡಿ ಕಟ್ಟಿದ ಮಾನದಂಡಗಳು 2006ರಲ್ಲಿ ಹೊರಬಂದವು. ಭಾರತದ ಮಕ್ಕಳು ದೆಹಲಿಯವರು. ಆಧಾರವಿಲ್ಲದೆ ನಡೆಯಲು 8.2ರಿಂದ 17.6 ತಿಂಗಳವರೆಗೆ ಯಾವಾಗ ತೊಡಗಿದರೂ ಸಹಜವೇ, ಶೇಕಡ 4ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದೆ ಸಾಗಿದರು ಎಂಬ ಅದರ ಮಾತು ಎಷ್ಟೋ ತಾಯಂದಿರ ಆತಂಕ ಕಳೆಯಬಲ್ಲದು. ಇದಕ್ಕೂ ಮೊದಲೇ ಇಟಲಿಯ ರೆಜಿಯೋ ಎಮಿಲಿಯಾ ಊರಿನ ಶಿಶುಶಾಲೆಗಳು ಲೋರಿಸ್ ಮಾಲಗುಟ್ಸಿ ಅವರ ಮುಂದಾಳತ್ವದಲ್ಲಿ ಮಕ್ಕಳ ಮಾತು, ಚಿತ್ರ, ಕೈಕೆಲಸಗಳನ್ನು ದಾಖಲಿಸಿ ಗೋಡೆಗೆ ಹಾಕುವ ಪದ್ಧತಿ ಬೆಳೆಸಿದವು.

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆಗಾರ್ತಿ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋಗಿ, ಅನುತಾಯಿ ವಾಘ್ ಅವರೊಡನೆ ಹಳ್ಳಿಯ ಮತ್ತು ಆದಿವಾಸಿ ಮಕ್ಕಳ ಅಂಗಳದಲ್ಲೇ ಶಾಲೆ ನಡೆಸಿದರು. ಅಂಗನವಾಡಿಯ ಕಲ್ಪನೆ ಬಂದದ್ದು ಅಲ್ಲಿಂದ. ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವನ್ನೆಲ್ಲ ಭಾರತದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಭಾರತೀಯ ಶಿಶುಗಳಿಗೆಂದೇ ಬೆಳವಣಿಗೆಯ ಮಾಪನ ರೂಪಿಸಿದರು. ತಿರುವನಂತಪುರದ ತಜ್ಞರು ಆರೋಗ್ಯ ಕಾರ್ಯಕರ್ತೆಯರೂ ಬಳಸಬಹುದಾದ ಸರಳ ಪಟ್ಟಿ ಮಾಡಿಕೊಟ್ಟರು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂದಿನಿಂದ ನಾಡಿನ ಬಡಮಕ್ಕಳ ಮುಖ್ಯ ವೀಕ್ಷಕಿ ಅಂಗನವಾಡಿ ಕಾರ್ಯಕರ್ತೆ. ತಕ್ಕಡಿಯಲ್ಲಿ ತೂಗಿ, ಹಸಿರು, ಹಳದಿ, ಕಿತ್ತಳೆ ಪಟ್ಟಿಗಳ ನಕ್ಷೆಯಲ್ಲಿ ಗುರುತು ಹಾಕಿ ಆಕೆ ಲಕ್ಷಾಂತರ ಮಕ್ಕಳ ಅಪೌಷ್ಟಿಕತೆಯನ್ನು ಹೊರಗೆ ತಂದಿದ್ದಾಳೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಕಿವಿ, ಕಣ್ಣು, ಬೆಳವಣಿಗೆಯ ತೊಂದರೆಗಳನ್ನು ನೋಡಬೇಕು. ಯಾವ ಮಗು ಕರೆದರೆ ತಿರುಗುವುದಿಲ್ಲ ಎಂದು ಅವರಿಗೆ ಮೊದಲು ಹೇಳಬಲ್ಲವಳೂ ಆಕೆಯೇ. ಆದರೆ ತೂಕದ ಕಾಲಂ ತುಂಬಿದಷ್ಟು ತಪ್ಪದೆ ಮಗುವಿನ ಆಲೋಚನೆ, ಗೆಳೆತನ, ಅಂಜಿಕೆಗಳ ಪುಟ ತುಂಬುವುದಿಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿಗೆ ಪರೀಕ್ಷೆ ಸಲ್ಲದು, ಶಿಕ್ಷಕಿಯ ವೀಕ್ಷಣೆ ಮತ್ತು ಮಗು ಮಾಡಿದ ಕೆಲಸಗಳೇ ಮೌಲ್ಯಮಾಪನಕ್ಕೆ ಆಧಾರವಾಗಬೇಕು ಎಂದು ಹೇಳಿದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಹೊರತಂದ ‘ಆಧಾರಶಿಲಾ’ ಪಠ್ಯಕ್ರಮ ಮೂರರಿಂದ ಆರು ವರ್ಷದ ಮಕ್ಕಳಿಗಾಗಿದೆ. ಅಡುಗೆ, ಆಹಾರ ಹಂಚಿಕೆ, ಮನೆ ಭೇಟಿ, ಸಮೀಕ್ಷೆ, ಮೊಬೈಲ್‌ನಲ್ಲಿ ಮಾಹಿತಿ ತುಂಬುವುದು ಇಷ್ಟರ ನಡುವೆ ಕಾರ್ಯಕರ್ತೆಗೆ ದಿನಕ್ಕೆ ಒಂದು ಮಗುವನ್ನು ಹತ್ತು ನಿಮಿಷ ನೋಡಿ ಬರೆಯುವ ಬಿಡುವನ್ನು ಸರ್ಕಾರ ಕೆಲಸದ ವೇಳೆಯೊಳಗೇ ಕೊಡಬೇಕು. ಅದಿಲ್ಲದೆ ಈ ಚೌಕಟ್ಟು ಕಾಗದದಲ್ಲೇ ಉಳಿಯುತ್ತದೆ.